ಚಂಡಮಾರುತ ಸಮೀಪಿಸುವಾಗ: ಕಡಲಿನ ಸ್ಥಿತಿ, ಬಂದರಿನ ಸಂಕೇತ ಮತ್ತು ವರ್ತಕರ ಹೊಣೆ

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿಗೆ ಚಂಡಮಾರುತದ ಭಯವಿಲ್ಲವೆಂಬುದು ಸಾಮಾನ್ಯ ನಂಬಿಕೆ. ನಗರಕ್ಕೆ ಆ ಭಯ ಇಲ್ಲದಿರಬಹುದು. ನಗರದ ಸರಕಿಗೆ ಇದೆ. ಸಿದ್ಧಾರ್ಥನಗರದ ಒಂದು ಕಚೇರಿಯಲ್ಲಿ ಕುಳಿತು ಕೊಡಗಿನ ಕಾಫಿಯನ್ನೋ ಮೈಸೂರಿನ ಊದುಬತ್ತಿಯನ್ನೋ ರಫ್ತು ಮಾಡುವ ವರ್ತಕರ ಬಂಡವಾಳವು ವರ್ಷದ ಹಲವು ದಿನ ಪಣಂಬೂರಿನ ಯಾರ್ಡಿನಲ್ಲಿಯೋ, ಕೊಚ್ಚಿ ಅಥವಾ ಚೆನ್ನೈನ ಹಡಗುಕಟ್ಟೆಯಲ್ಲಿಯೋ, ನಡುಗಡಲಿನಲ್ಲಿಯೋ ಇರುತ್ತದೆ. ಅಲ್ಲಿ ಗಾಳಿ ಬೀಸಿದರೆ ಇಲ್ಲಿನ ಲೆಕ್ಕಪುಸ್ತಕ ಅಲುಗಾಡುತ್ತದೆ.

ಹವಾಮಾನ ಇಲಾಖೆಯ ಪ್ರಕಟಣೆಗಳು ಈಗ ಎಲ್ಲರ ಕೈಗೂ ತಲುಪುತ್ತಿವೆ. ಆದರೆ ಅವುಗಳ ಪದಗಳಿಗೆ ಇರುವ ನಿಖರವಾದ ಅರ್ಥವೇನು, ಕಡಲಿನಲ್ಲಿ ಯಾವುದರ ನಂತರ ಯಾವುದು ಸಂಭವಿಸುತ್ತದೆ, ಬಂದರಿನಲ್ಲಿ ಏರಿಸುವ ಸಂಕೇತಕ್ಕೂ ವರ್ತಕರ ವಿಮಾ ಪಾಲಿಸಿಗೂ ಇರುವ ಸಂಬಂಧವೇನು ಎಂಬ ವಿಷಯಗಳು ಸಾಕಷ್ಟು ಪ್ರಚಾರದಲ್ಲಿಲ್ಲ. ಅವುಗಳನ್ನು ಒಂದೆಡೆ ವಿವರಿಸುವುದು ಈ ಲೇಖನದ ಉದ್ದೇಶ.

ಅರಬ್ಬೀ ಸಮುದ್ರದ ಬದಲಾದ ಸ್ವಭಾವ

'ಸೈಕ್ಲೋನ್' ಎಂಬ ಪದ ಹುಟ್ಟಿದ್ದು ಭಾರತದಲ್ಲಿಯೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ ನಾವಿಕರಿಗಾಗಿ ಬರೆದು 1848ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಸುರುಳಿ ಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಮೂಲದಿಂದ ಈ ಹೆಸರನ್ನು ರೂಪಿಸಿದನು. 1864ರಲ್ಲಿ ಕಲ್ಕತ್ತೆಗೆ ಭೀಕರ ಚಂಡಮಾರುತ ಅಪ್ಪಳಿಸಿದ ಮರುವರ್ಷ, ಅಂದರೆ 1865ರಲ್ಲಿ, ಆ ಬಂದರಿನಲ್ಲಿ ಎಚ್ಚರಿಕೆ ವ್ಯವಸ್ಥೆ ಜಾರಿಗೆ ಬಂದಿತು. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ಅದಕ್ಕೂ ಹತ್ತು ವರ್ಷಗಳ ನಂತರ, 1875ರಲ್ಲಿ. ಹಡಗು ಮತ್ತು ಸರಕಿನ ರಕ್ಷಣೆಯ ಅಗತ್ಯವೇ ನಮ್ಮ ದೇಶದಲ್ಲಿ ಹವಾಮಾನ ಮುನ್ಸೂಚನೆಗೆ ದಾರಿ ಮಾಡಿಕೊಟ್ಟಿತೆಂಬುದನ್ನು ವಾಣಿಜ್ಯ ಸಮುದಾಯವು ಗಮನಿಸಬಹುದು.

ಬಹುಕಾಲದವರೆಗೆ ಚಂಡಮಾರುತವೆಂದರೆ ಬಂಗಾಳಕೊಲ್ಲಿಯ ವಿಷಯವಾಗಿತ್ತು. ಬಂಗಾಳಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳು ಹುಟ್ಟಿದರೆ ಅರಬ್ಬೀ ಸಮುದ್ರದಲ್ಲಿ ಒಂದು ಎಂಬುದು ದೀರ್ಘಕಾಲದ ಸರಾಸರಿ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ಕಡಲ ನೀರು, ತೇವಭರಿತ ವಾಯು ಮತ್ತು ಮೇಲ್ಪದರ ಹಾಗೂ ಕೆಳಪದರಗಳ ಗಾಳಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಸ್ಥಿತಿ ಬೇಕು. ಇವು ಮುಂಗಾರಿನ ಮುನ್ನ ಏಪ್ರಿಲ್‌ನಿಂದ ಜೂನ್‌ವರೆಗೆ, ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒದಗುತ್ತವೆ. ಅರಬ್ಬೀ ಸಮುದ್ರದ ಮೇಲ್ಮೈ ಕಳೆದ ದಶಕಗಳಲ್ಲಿ ಬಿಸಿಯಾಗುತ್ತಿರುವುದರಿಂದ ಇಲ್ಲಿಯೂ ತೀವ್ರ ಚಂಡಮಾರುತಗಳು ಹೆಚ್ಚುತ್ತಿವೆಯೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ.

ಘಟನೆಗಳ ಪಟ್ಟಿಯೂ ಅದನ್ನೇ ಹೇಳುತ್ತದೆ. 2007ರ ಜೂನ್‌ನಲ್ಲಿ ಗೋನು; 2009ರ ನವೆಂಬರ್‌ನಲ್ಲಿ ಫಯಾನ್; 2017ರ ನವೆಂಬರ್ ಕೊನೆಯಲ್ಲಿ ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರನ್ನು ಬಲಿ ಪಡೆದ ಓಖಿ; 2019ರ ಅಕ್ಟೋಬರ್‌ನಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ; 2020ರ ಜೂನ್‌ನಲ್ಲಿ ನಿಸರ್ಗ; 2021ರ ಮೇ ತಿಂಗಳಲ್ಲಿ ತೌಕ್ತೆ; 2023ರ ಜೂನ್‌ನಲ್ಲಿ ಬಿಪರ್‌ಜಾಯ್. ಇವುಗಳಲ್ಲಿ ಯಾವುದೂ ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ನೆಲಕ್ಕೆ ಅಪ್ಪಳಿಸಲಿಲ್ಲ. ಆದರೂ ಇವುಗಳಲ್ಲಿ ಹಲವು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೆ ನಷ್ಟವುಂಟು ಮಾಡಿದವು. ನಮ್ಮ ಕರಾವಳಿಯ ಅಪಾಯವು ಬಹುಮಟ್ಟಿಗೆ ಪಕ್ಕದಲ್ಲಿ ಹಾದುಹೋಗುವ ಚಂಡಮಾರುತದ ಅಪಾಯವಾಗಿದೆ.

ಇಲಾಖೆಯ ಪದಗಳು ಮತ್ತು ಅವುಗಳ ಅಳತೆ

ಹವಾಮಾನ ಇಲಾಖೆ ಬಳಸುವ ಪ್ರತಿಯೊಂದು ಪದಕ್ಕೂ ಗಾಳಿಯ ವೇಗದ ಅಳತೆಯಿದೆ. ಗಂಟೆಗೆ 31ರಿಂದ 49 ಕಿಲೋಮೀಟರ್ ವೇಗವಿದ್ದರೆ ವಾಯುಭಾರ ಕುಸಿತ. 50ರಿಂದ 61ರವರೆಗೆ ತೀವ್ರ ವಾಯುಭಾರ ಕುಸಿತ. 62ರಿಂದ 88ರವರೆಗೆ ಚಂಡಮಾರುತ. 89ರಿಂದ 117ರವರೆಗೆ ತೀವ್ರ ಚಂಡಮಾರುತ. 118ರಿಂದ ಸುಮಾರು 166ರವರೆಗೆ ಅತಿ ತೀವ್ರ. ಅಲ್ಲಿಂದ 221ರವರೆಗೆ ಅತ್ಯಂತ ತೀವ್ರ. 222 ಮತ್ತು ಅದಕ್ಕೂ ಮೇಲ್ಪಟ್ಟರೆ ಸೂಪರ್ ಸೈಕ್ಲೋನ್. ಚಂಡಮಾರುತದ ಹಂತ ತಲುಪಿದ ಮೇಲೆಯೇ ಅದಕ್ಕೆ ಹೆಸರು ಸಿಗುತ್ತದೆ.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಇಲ್ಲಿ ಮುಖ್ಯ. ವೇಗ 40ರಿಂದ 80ಕ್ಕೆ ಏರಿದರೆ ಕಂಟೇನರಿನ ಗೋಡೆಯ ಮೇಲೆ ಬೀಳುವ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 120ಕ್ಕೆ ಏರಿದರೆ ಒಂಬತ್ತು ಪಟ್ಟು. ಆದುದರಿಂದಲೇ ಎಚ್ಚರಿಕೆ ಬಂದೊಡನೆ ಯಾರ್ಡಿನಲ್ಲಿ ಖಾಲಿ ಕಂಟೇನರುಗಳ ಎತ್ತರದ ಸಾಲುಗಳನ್ನು ತಗ್ಗಿಸುತ್ತಾರೆ ಮತ್ತು ಕ್ರೇನುಗಳನ್ನು ಬಿಗಿದು ನಿಲ್ಲಿಸುತ್ತಾರೆ.

ಎಚ್ಚರಿಕೆಯೂ ನಾಲ್ಕು ಹಂತಗಳಲ್ಲಿ ಬರುತ್ತದೆ. ಸುಮಾರು 72 ಗಂಟೆ ಮೊದಲು ಪೂರ್ವಭಾವಿ ನಿಗಾ ಪ್ರಕಟಣೆ; ಕರಾವಳಿಯಲ್ಲಿ ಪ್ರತಿಕೂಲ ಹವೆ ಆರಂಭವಾಗುವುದಕ್ಕೆ ಕನಿಷ್ಠ 48 ಗಂಟೆ ಮೊದಲು ಹಳದಿ ಬಣ್ಣದ ಜಾಗೃತಿ ಸೂಚನೆ; 24 ಗಂಟೆ ಮೊದಲು ಕಿತ್ತಳೆ ಬಣ್ಣದ ಎಚ್ಚರಿಕೆ; ನೆಲಕ್ಕೆ ಅಪ್ಪಳಿಸುವ ಸುಮಾರು 12 ಗಂಟೆ ಮೊದಲು ಕೆಂಪು ಬಣ್ಣದ ಪ್ರಕಟಣೆ. ಅಲೆಗಳ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರತ್ಯೇಕವಾಗಿ ನೀಡುತ್ತದೆ. ಈ ಗಂಟೆಗಳ ಲೆಕ್ಕವೇ ವರ್ತಕರಿಗೆ ದೊರೆಯುವ ಒಟ್ಟು ಕಾಲಾವಕಾಶ.

ಕಡಲಿನಲ್ಲಿ ಮೊದಲು ಕಾಣುವುದೇನು?

ಚಂಡಮಾರುತದ ಮೊದಲ ದೂತನಾಗಿ ಬರುವುದು ದೂರದಿಂದ ಉರುಳಿ ಬರುವ ಉದ್ದನೆಯ ಅಲೆ. ನೂರಾರು ಕಿಲೋಮೀಟರ್ ಆಚೆ ಕೇಂದ್ರದ ಸುತ್ತ ಎದ್ದ ಅಲೆಗಳು ಚಂಡಮಾರುತಕ್ಕಿಂತ ವೇಗವಾಗಿ ಚಲಿಸುತ್ತವೆ. ಎರಡು ಶಿಖರಗಳ ನಡುವೆ 12 ಸೆಕೆಂಡುಗಳ ಅಂತರವಿರುವ ಅಲೆಗಳ ಗುಂಪು ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 34 ಕಿಲೋಮೀಟರ್ ಸಾಗುತ್ತದೆ. ಚಂಡಮಾರುತ ಸಾಮಾನ್ಯವಾಗಿ 15ರಿಂದ 20 ಕಿಲೋಮೀಟರ್ ಸಾಗುತ್ತದೆ. 400 ಕಿಲೋಮೀಟರ್ ದೂರದ ಅಲೆ ಹನ್ನೆರಡು ಗಂಟೆಯೊಳಗೆ ದಡ ಮುಟ್ಟಿದರೆ ಬಿರುಗಾಳಿಗೆ ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ಆಕಾಶ ತಿಳಿಯಾಗಿ, ಗಾಳಿ ಮಂದವಾಗಿ ಇರುವಾಗಲೇ ಮಲ್ಪೆಯ ಅಥವಾ ಉಳ್ಳಾಲದ ತೀರಕ್ಕೆ ದೊಡ್ಡ ಅಲೆಗಳು ನಿಧಾನವಾದ ಲಯದಲ್ಲಿ ಬಂದು ಬಡಿಯುವುದು ಈ ಕಾರಣದಿಂದ.

ಎರಡನೆಯದು ಗಾಳಿಯ ದಿಕ್ಕು. ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತವನ ಎಡಬದಿಗೆ ಕೇಂದ್ರವಿರುತ್ತದೆ ಎಂಬುದು ನಾವಿಕರ ಹಳೆಯ ಸೂತ್ರ. ಲಕ್ಷದ್ವೀಪದ ಕಡೆಯಿಂದ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುವ ಚಂಡಮಾರುತ ದೂರದಲ್ಲಿರುವಾಗ ಮಂಗಳೂರಿನಲ್ಲಿ ಆಗ್ನೇಯದಿಂದ, ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ, ದಾಟಿಹೋದ ಮೇಲೆ ನೈಋತ್ಯದಿಂದ ಗಾಳಿ ಬೀಸುತ್ತದೆ. ಈ ನೈಋತ್ಯದ ಗಾಳಿ ನೀರನ್ನು ನೇರವಾಗಿ ದಡದತ್ತ ತಳ್ಳುತ್ತದೆ. ಆದುದರಿಂದ ಕೇಂದ್ರ ಗೋವೆಯತ್ತ ಸಾಗಿತೆಂದು ತಿಳಿದಾಕ್ಷಣ ನಮ್ಮ ಕರಾವಳಿಯ ಅಪಾಯ ಕಳೆಯಿತೆಂದು ಭಾವಿಸುವುದು ತಪ್ಪು. ಚಲನೆಯ ವೇಗವೂ ಸುತ್ತುವ ವೇಗವೂ ಕೂಡಿಕೊಳ್ಳುವ ಬಲಬದಿಯೇ ಹೆಚ್ಚು ಅಪಾಯಕಾರಿ. ಇಂತಹ ಚಲನೆಯಲ್ಲಿ ಕರ್ನಾಟಕ ಕರಾವಳಿ ಇರುವುದು ಬಲಬದಿಯಲ್ಲಿಯೇ.

ಮೂರನೆಯದು ನೀರಿನ ಮಟ್ಟದ ಏರಿಕೆ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಇದು ಚಿಕ್ಕ ಪಾಲು. ಆಳ ಕಡಿಮೆಯಿರುವೆಡೆ ಗಾಳಿ ತಳ್ಳಿ ತಂದ ನೀರು ಹಿಂದೆ ಸರಿಯಲಾಗದೆ ರಾಶಿಗೊಳ್ಳುವುದು ದೊಡ್ಡ ಪಾಲು. ಅದು ಭರತದ ವೇಳೆಗೆ ಕೂಡಿ ಬಂದರೆ ಕಡಲ್ಕೊರೆತ ತೀವ್ರವಾಗುತ್ತದೆ; ನದಿಗಳು ಕಡಲು ಸೇರುವ ಅಳಿವೆಬಾಗಿಲುಗಳಲ್ಲಿ ಮಳೆಯ ನೀರು ಹೊರಹೋಗದೆ ಹಿಮ್ಮೆಟ್ಟುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆಯತೊಡಗಿದರೆ ಹಳೆಯ ಬಂದರಿಗೆ ಮರಳುವ ದೋಣಿಗಳಿಗೆ ಬಾಗಿಲು ಮುಚ್ಚಿದಂತೆಯೇ. ದ್ವೀಪಗಳ ಆಸರೆಯುಳ್ಳ ಕಾರವಾರದ ಕೊಲ್ಲಿಗೆ ಹೊರರಾಜ್ಯಗಳ ದೋಣಿಗಳೂ ಆಶ್ರಯ ಅರಸಿ ಬರುವುದು ಇದೇ ಕಾರಣಕ್ಕೆ.

ಬಂದರಿನ ಸಂಕೇತಗಳು

ಭಾರತದ ಬಂದರುಗಳಲ್ಲಿ ಒಟ್ಟು 11 ಸಂಕೇತಗಳ ಪದ್ಧತಿ ಬಳಕೆಯಲ್ಲಿದೆ. ಹಗಲಿನಲ್ಲಿ ಕಂಬಕ್ಕೆ ಏರಿಸುವ ಶಂಕು ಮತ್ತು ಉರುಳೆಯಾಕಾರದ ಗುರುತುಗಳಿಂದ, ರಾತ್ರಿಯಲ್ಲಿ ಕೆಂಪು ಹಾಗೂ ಬಿಳಿಯ ದೀಪಗಳಿಂದ ಇವನ್ನು ತೋರಿಸುವುದು ರೂಢಿ. ವೃತ್ತಪತ್ರಿಕೆಗಳಲ್ಲಿ 'ಮೂರನೆಯ ಸಂಖ್ಯೆಯ ಸಂಕೇತ' ಎಂದು ಓದುವವರಿಗೆ ಅದರ ಅರ್ಥ ತಿಳಿದಿರುವುದು ಒಳಿತು.

ಒಂದನೆಯದು, ದೂರದ ಕಡಲಿನಲ್ಲಿ ಚಂಡಮಾರುತ ರೂಪುಗೊಳ್ಳಬಹುದಾದ ಪ್ರಕ್ಷುಬ್ಧ ಹವೆಯಿದೆ ಎಂಬ ಸೂಚನೆ. ಎರಡನೆಯದು, ಅಲ್ಲಿ ಚಂಡಮಾರುತ ರೂಪುಗೊಂಡಿದೆ ಎಂಬುದು. ಮೂರನೆಯದರಿಂದ ವಿಷಯ ಬಂದರಿಗೇ ಸಂಬಂಧಿಸುತ್ತದೆ: ಬಂದರಿನಲ್ಲಿ ಬಿರುಗಾಳಿಯ ಸಂಭವವಿದೆ. ನಾಲ್ಕನೆಯದು, ಚಂಡಮಾರುತದ ಬೆದರಿಕೆಯಿದ್ದರೂ ಅಂತಿಮ ಕ್ರಮ ಕೈಗೊಳ್ಳುವಷ್ಟು ಅಪಾಯ ಇನ್ನೂ ಇಲ್ಲ ಎಂಬುದು. ಐದು, ಆರು ಮತ್ತು ಏಳು ಅಪಾಯದ ಸಂಕೇತಗಳು. ಬಂದರು ಚಂಡಮಾರುತದ ಪಥದ ಎಡಕ್ಕಿದ್ದರೆ ಐದು, ಬಲಕ್ಕಿದ್ದರೆ ಆರು, ಪಥವು ಬಂದರಿನ ಮೇಲೆಯೋ ಸಮೀಪದಲ್ಲಿಯೋ ಇದ್ದರೆ ಏಳು. ಚಂಡಮಾರುತ ತೀವ್ರ ಸ್ವರೂಪದ್ದಾದರೆ ಇವೇ ಮೂರು ಸ್ಥಿತಿಗಳಿಗೆ ಎಂಟು, ಒಂಬತ್ತು ಮತ್ತು ಹತ್ತನೆಯ ಮಹಾ ಅಪಾಯದ ಸಂಕೇತಗಳು. ಹನ್ನೊಂದನೆಯದು, ಹವಾಮಾನ ಕೇಂದ್ರದೊಂದಿಗೆ ಸಂಪರ್ಕ ಕಡಿದುಹೋಗಿದೆ, ಕೆಟ್ಟ ಹವೆಯ ಅಪಾಯವಿದೆಯೆಂದು ಸ್ಥಳೀಯ ಅಧಿಕಾರಿ ಭಾವಿಸಿದ್ದಾರೆ ಎಂಬುದರ ಸೂಚನೆ.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಭೂಭಾಗದ ಒಳಗೆ ಅಗೆದು ನಿರ್ಮಿಸಿದ, ಅಲೆತಡೆ ಗೋಡೆಗಳ ರಕ್ಷಣೆಯುಳ್ಳ ಬಂದರು ಇದು. ಒಳಗೆ ಅಲೆಗಳ ಹೊಡೆತ ಕಡಿಮೆ. ಆದರೆ ಹೊರಗಿನ ಲಂಗರು ಪ್ರದೇಶದಲ್ಲಿ ಸರದಿಗಾಗಿ ಕಾಯುವ ಹಡಗುಗಳಿಗೆ, ಎಳೆಹಡಗುಗಳಿಗೆ ಮತ್ತು ಕಡಲಿನೊಳಗೆ ತೈಲ ಇಳಿಸುವ ತೇಲು ವ್ಯವಸ್ಥೆಗಳಿಗೆ ಆ ರಕ್ಷಣೆ ಇರುವುದಿಲ್ಲ. ಅಪಾಯದ ಸಂಕೇತ ಏರಿದಾಗ ದೊಡ್ಡ ಹಡಗುಗಳು ದಡದಿಂದ ದೂರ ನಡುಗಡಲಿಗೆ ಹೋಗುವುದನ್ನು ಕಂಡು ಹೊರಗಿನವರು ಆಶ್ಚರ್ಯಪಡುತ್ತಾರೆ. ಹಡಗಿಗೆ ಆಳವಾದ ನೀರಿಗಿಂತ ಸಮೀಪದ ಬಂಡೆಯೇ ಹೆಚ್ಚಿನ ಶತ್ರು.

2021ರ ಮೇ ತಿಂಗಳ ಪಾಠ

ಆ ಮಾತಿಗೆ ಸಾಕ್ಷಿ ತೌಕ್ತೆ. 2021ರ ಮೇ 14ರಂದು ಲಕ್ಷದ್ವೀಪ ಪ್ರದೇಶದಲ್ಲಿ ವಾಯುಭಾರ ಕುಸಿತವಾಗಿದ್ದ ಅದು ಮೂರು ದಿನಗಳೊಳಗೆ ಅತ್ಯಂತ ತೀವ್ರ ಚಂಡಮಾರುತವಾಗಿ ಬೆಳೆದು, 17ರ ರಾತ್ರಿ ಗುಜರಾತಿನ ಕರಾವಳಿಯಲ್ಲಿ ದಿಯು ಸಮೀಪ ನೆಲಕ್ಕೆ ಅಪ್ಪಳಿಸಿತು. ಕರ್ನಾಟಕ ಕರಾವಳಿಯ ಪಕ್ಕದಲ್ಲಿ ಹಾದುಹೋಗುವಾಗ ಅದು ಇನ್ನೂ ಬೆಳೆಯುತ್ತಿದ್ದ ಹಂತದಲ್ಲಿತ್ತು. ಆದರೂ ಮಂಗಳೂರಿನ ಹೊರಗಡಲಿನ ತೈಲ ವ್ಯವಸ್ಥೆಯ ಕೆಲಸದಲ್ಲಿದ್ದ ಎರಡು ಎಳೆಹಡಗುಗಳು ಅದರ ಹಿಡಿತಕ್ಕೆ ಸಿಕ್ಕವು. 'ಅಲಯನ್ಸ್' ಎಂಬುದು ಮಗುಚಿ ಪಡುಬಿದ್ರಿಯ ತೀರಕ್ಕೆ ಬಂದು ಬಿದ್ದಿತು. ಅದರಲ್ಲಿದ್ದ ಕೆಲವರು ಈಜಿ ದಡ ಸೇರಿದರೆ ಕೆಲವರು ಜೀವ ಕಳೆದುಕೊಂಡರು. 'ಕೋರಮಂಡಲ್ ಸಪೋರ್ಟರ್ 9' ಎಂಬುದು ಮೂಲ್ಕಿ ಸಮೀಪದ ಬಂಡೆಗಳ ನಡುವೆ ಸಿಲುಕಿತು. ಅದರಲ್ಲಿದ್ದ 9 ಮಂದಿಯನ್ನು ಮೇ 17ರಂದು ತಟರಕ್ಷಣಾ ಪಡೆಯ 'ವರಾಹ' ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ರಕ್ಷಿಸಿದವು. ಅದೇ ದಿನ ಮುಂಬಯಿಯ ಹೊರಗಡಲಿನಲ್ಲಿ 261 ಮಂದಿ ಇದ್ದ 'ಪಿ-305' ಎಂಬ ವಸತಿ ಬಾರ್ಜು ಲಂಗರು ಕಳಚಿಕೊಂಡು ಮುಳುಗಿ, ಎಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು.

ಮುನ್ನೆಚ್ಚರಿಕೆ ಪ್ರಕಟವಾಗಿದ್ದರೂ ಇಂತಹ ದುರಂತಗಳು ನಡೆದವು. ಪ್ರಕಟಣೆಗೂ ಕ್ರಮಕ್ಕೂ ನಡುವಿನ ಗಂಟೆಗಳನ್ನು ಹೇಗೆ ಬಳಸಲಾಯಿತು ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಕಡಲಿನಲ್ಲಿ ಜೀವಗಳಿಗೆ ಅನ್ವಯಿಸುವ ಈ ಮಾತು ವರ್ತಕರ ಕಚೇರಿಯಲ್ಲಿ ಬಂಡವಾಳಕ್ಕೂ ಅನ್ವಯಿಸುತ್ತದೆ.

ವಿಮೆ: ಯಾವ ಸ್ಥಳದಲ್ಲಿ, ಯಾರ ಹೊಣೆ?

ಸಿದ್ಧಾರ್ಥನಗರದ ರಫ್ತುದಾರರೊಬ್ಬರು 60 ಕಿಲೋ ತೂಕದ 320 ಚೀಲ, ಅಂದರೆ 19.2 ಟನ್ ಕಾಫಿಯನ್ನು 60 ಲಕ್ಷ ರೂಪಾಯಿಗೆ ಎಫ್.ಓ.ಬಿ. ಷರತ್ತಿನ ಮೇಲೆ ಮಾರಿದ್ದಾರೆಂದು ಭಾವಿಸೋಣ. ವಿಮೆ ಖರೀದಿದಾರನದು ಎಂದು ಅವರು ನಿಶ್ಚಿಂತರಾಗಿದ್ದಾರೆ. ಆದರೆ ಎಫ್.ಓ.ಬಿ.ಯಲ್ಲಿ ಹೊಣೆ ವರ್ಗಾವಣೆಯಾಗುವುದು ಸರಕು ಹಡಗಿನ ಮೇಲೆ ಏರಿದ ಕ್ಷಣದಲ್ಲಿ. ಚಂಡಮಾರುತದ ಕಾರಣ ಹಡಗು ಒಳಗೆ ಬರಲಾಗದೆ ಕಂಟೇನರು ಯಾರ್ಡಿನಲ್ಲಿ ಉಳಿದಾಗ ಅದು ಇನ್ನೂ ಮಾರಾಟಗಾರರ ಹೊಣೆಯಲ್ಲಿಯೇ ಇದೆ. ಮೈಸೂರಿನಿಂದ ಬಂದರಿನವರೆಗಿನ ಒಳನಾಡು ಸಾಗಣೆ ಪಾಲಿಸಿ ಇದ್ದರೂ, ಲಾರಿ ಗಮ್ಯಸ್ಥಾನ ತಲುಪಿದ ನಂತರ ಸಾಮಾನ್ಯವಾಗಿ ಏಳು ದಿನಗಳಿಗೆ ಅದರ ರಕ್ಷಣೆ ಮುಗಿಯುತ್ತದೆ. ಮುಂಚೆಯೇ ಗೋದಾಮಿಗೆ ಸರಕು ಒಪ್ಪಿಸಿದರೆ ಆಗಲೇ ಮುಗಿಯುತ್ತದೆ. ಒಂದು ಪಾಲಿಸಿ ಮುಗಿದು ಇನ್ನೊಂದು ಆರಂಭವಾಗದ ಈ ನಡುವಿನ ದಿನಗಳಲ್ಲಿಯೇ ಚಂಡಮಾರುತ ಬಂದರೆ 60 ಲಕ್ಷವೂ ವರ್ತಕರ ಸ್ವಂತ ನಷ್ಟ. ಸರಕು ಹಡಗೇರುವವರೆಗಿನ ಅವಧಿಯನ್ನು ಒಳಗೊಳ್ಳುವಂತೆ ಪಾಲಿಸಿಯನ್ನು ವಿಸ್ತರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಕಡಲ ಸಾಗಣೆಯ ವಿಮೆಯಲ್ಲಿ 'ಎ', 'ಬಿ', 'ಸಿ' ಎಂಬ ಮೂರು ಬಗೆಯ ಷರತ್ತುಗಳಿವೆ. 'ಸಿ' ಅತ್ಯಂತ ಸೀಮಿತ: ಹಡಗು ಮುಳುಗುವುದು, ನೆಲಕಚ್ಚುವುದು, ಮಗುಚುವುದು, ಬೆಂಕಿ ಮುಂತಾದ ದೊಡ್ಡ ದುರಂತಗಳಿಗೆ ಮಾತ್ರ. ಅಲೆಯ ಹೊಡೆತಕ್ಕೆ ಕಂಟೇನರು ಕಡಲಿಗೆ ಬಿದ್ದರೆ ಅಥವಾ ಕಡಲ ನೀರು ಒಳನುಗ್ಗಿದರೆ 'ಸಿ' ನೆರವಿಗೆ ಬಾರದು, 'ಬಿ' ಬರುತ್ತದೆ. ಆದರೆ 'ಬಿ'ಯಲ್ಲಿಯೂ ಸಮುದ್ರ, ಸರೋವರ ಅಥವಾ ನದಿಯ ನೀರಿನ ಪ್ರಸ್ತಾಪವಿದೆಯೇ ಹೊರತು ಮಳೆಯ ನೀರಿನ ಪ್ರಸ್ತಾಪವಿಲ್ಲ. ಚಂಡಮಾರುತದಲ್ಲಿ ಸರಕನ್ನು ನೆನೆಸುವುದು ಬಹುಪಾಲು ಮಳೆಯೇ ಆದುದರಿಂದ ಕಾಫಿ, ಊದುಬತ್ತಿ, ರೇಷ್ಮೆಯಂತಹ ಸರಕಿಗೆ 'ಎ' ಷರತ್ತೇ ಸೂಕ್ತ. ಸಿ.ಐ.ಎಫ್. ಷರತ್ತಿನಲ್ಲಿ ಆಮದು ಮಾಡುವವರು ಒಂದು ಅಂಶ ಗಮನಿಸಬೇಕು: ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿ.ಐ.ಎಫ್. ಮಾರಾಟಗಾರನು 'ಸಿ' ಷರತ್ತಿನ ಕನಿಷ್ಠ ವಿಮೆ ಮಾಡಿಸಿದರೆ ಸಾಕು, ಸಿ.ಐ.ಪಿ.ಯಲ್ಲಿ ಮಾತ್ರ 'ಎ' ಕಡ್ಡಾಯ.

1963ರ ಕಡಲ ವಿಮಾ ಕಾಯಿದೆಯ ಅನುಸೂಚಿಯಲ್ಲಿ ಇನ್ನೊಂದು ಮುಖ್ಯ ವಾಕ್ಯವಿದೆ. 'ಕಡಲಿನ ಅಪಾಯ'ವೆಂದರೆ ಆಕಸ್ಮಿಕ ಅವಘಡಗಳು ಮಾತ್ರ. ಗಾಳಿ ಮತ್ತು ಅಲೆಗಳ ಸಾಮಾನ್ಯ ಕ್ರಿಯೆ ಅದರಲ್ಲಿ ಸೇರುವುದಿಲ್ಲ. ಅಂದಿನ ಕಡಲು ಸಾಮಾನ್ಯವಾಗಿರಲಿಲ್ಲ ಎಂದು ತೋರಿಸಲು ಹವಾಮಾನ ಇಲಾಖೆಯ ದಾಖಲೆ, ಬಂದರಿನಲ್ಲಿ ಏರಿಸಿದ ಸಂಕೇತದ ದಿನಾಂಕ ಮತ್ತು ವೇಳೆ, ಹಡಗಿನ ದಿನಚರಿ ಪುಸ್ತಕ, ಕಪ್ತಾನನು ನೋಟರಿಯ ಮುಂದೆ ಸಲ್ಲಿಸುವ ಹೇಳಿಕೆ - ಇವೇ ಸಾಕ್ಷ್ಯ. ಹವಾಮಾನ ಪ್ರಕಟಣೆಗಳನ್ನು ಅಂದಂದೇ ಕಡತದಲ್ಲಿ ಇರಿಸುವ ಅಭ್ಯಾಸವು ಮುಂದೆ ಕ್ಲೇಮಿಗೆ ಬೆಲೆಬಾಳುವ ಆಧಾರವಾಗುತ್ತದೆ.

ಬಂದರಿನ ಬಳಿ ಗೋದಾಮಿನಲ್ಲಿ ದಾಸ್ತಾನು ಇರಿಸುವವರು ತಮ್ಮ ಅಗ್ನಿವಿಮೆಯಲ್ಲಿ ಬಿರುಗಾಳಿ, ಪ್ರವಾಹ ಮತ್ತು ಜಲಾವೃತದ ಅಪಾಯಗಳು ಸೇರಿವೆಯೇ ಎಂದು ನೋಡಬೇಕು. ಸಾಮಾನ್ಯ ಅಗ್ನಿ ಪಾಲಿಸಿಯಲ್ಲಿ ಪ್ರೀಮಿಯಂ ಉಳಿಸಲು ಇವನ್ನು ಕೈಬಿಟ್ಟಿರುವ ಉದಾಹರಣೆಗಳುಂಟು. ಅಪಾಯ ಕಣ್ಣೆದುರು ಬಂದ ಮೇಲೆ ಹೊಸ ಪಾಲಿಸಿ ನೀಡಲು ಅಥವಾ ಮೊತ್ತ ಹೆಚ್ಚಿಸಲು ವಿಮಾ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಾಯುಭಾರ ಕುಸಿತದಿಂದ ಅತ್ಯಂತ ತೀವ್ರ ಹಂತಕ್ಕೆ ತೌಕ್ತೆ ತೆಗೆದುಕೊಂಡ ಕಾಲ ಮೂರು ದಿನ ಎಂಬುದನ್ನು ಇಲ್ಲಿ ನೆನೆಯಬೇಕು.

ಸರಕು ಸುರಕ್ಷಿತವಾಗಿದ್ದರೂ ವೆಚ್ಚ

ಚಂಡಮಾರುತದಲ್ಲಿ ಹಡಗನ್ನು ಉಳಿಸಲು ಕಪ್ತಾನನು ಕೆಲವು ಸರಕನ್ನು ಕಡಲಿಗೆ ಎಸೆಯಬಹುದು ಅಥವಾ ಎಳೆಹಡಗುಗಳ ನೆರವನ್ನು ದುಬಾರಿ ದರದಲ್ಲಿ ಪಡೆಯಬಹುದು. ಎಲ್ಲರ ಹಿತಕ್ಕಾಗಿ ಮಾಡಿದ ಈ ತ್ಯಾಗ ಮತ್ತು ವೆಚ್ಚವನ್ನು ಉಳಿದ ಆಸ್ತಿಯ ಮಾಲೀಕರೆಲ್ಲರೂ ಹಂಚಿಕೊಳ್ಳಬೇಕೆಂಬುದು 'ಜನರಲ್ ಆವರೇಜ್' ಎಂಬ ಪ್ರಾಚೀನ ನಿಯಮ. ಹಡಗು ಮತ್ತು ಉಳಿದ ಸರಕಿನ ಒಟ್ಟು ಮೌಲ್ಯ 100 ಕೋಟಿ, ಹಂಚಬೇಕಾದ ಮೊತ್ತ 5 ಕೋಟಿ ಎಂದಾದರೆ ಪ್ರತಿಯೊಬ್ಬರ ಪಾಲು ಶೇಕಡಾ 5. ಮೇಲಿನ ಉದಾಹರಣೆಯ ಕಾಫಿಗೆ ಒಂದು ಚೀಲವೂ ಹಾನಿಯಾಗದಿದ್ದರೂ ಅದರ ಮಾಲೀಕರ ಪಾಲು 3 ಲಕ್ಷ ರೂಪಾಯಿ. ವಿಮೆಯಿದ್ದವರ ಪರವಾಗಿ ಕಂಪನಿ ಖಾತರಿಪತ್ರ ನೀಡುತ್ತದೆ. ಇಲ್ಲದವರು ನಗದು ಠೇವಣಿಯಿಡುವವರೆಗೆ ಸರಕು ಬಿಡುಗಡೆಯಾಗುವುದಿಲ್ಲ. 'ಸಿ' ಷರತ್ತಿನ ಪಾಲಿಸಿಯೂ ಈ ಹೊಣೆಯನ್ನು ಹೊರುತ್ತದೆ.

ವಿಳಂಬದ ವಿಷಯ ಬೇರೆ. ವಿಮೆ ಇರುವ ಅಪಾಯದಿಂದಲೇ ವಿಳಂಬವಾದರೂ ವಿಳಂಬದಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂಬುದು ಸಾಮಾನ್ಯ ನಿಯಮ. ಸಾಲಪತ್ರದ ಅಡಿಯಲ್ಲಿ ರಫ್ತು ಮಾಡುವವರಿಗೆ ಇದರಿಂದ ಇನ್ನೊಂದು ಇಕ್ಕಟ್ಟು ಒದಗುತ್ತದೆ. ಬಂದರು ಮುಚ್ಚಿತ್ತು ಎಂಬ ಕಾರಣಕ್ಕೆ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ನಮೂದಾದ ಸರಕು ಏರಿಸುವ ಕಡೆಯ ದಿನಾಂಕ ತಾನಾಗಿ ಮುಂದೆ ಹೋಗುವುದಿಲ್ಲ. ಯು.ಸಿ.ಪಿ. 600ರ 36ನೆಯ ವಿಧಿಯ ಪ್ರಕಾರ, ಪ್ರಕೃತಿ ವಿಕೋಪದಿಂದ ಬ್ಯಾಂಕಿನ ವ್ಯವಹಾರವೇ ನಿಂತಿದ್ದ ಅವಧಿಯಲ್ಲಿ ಸಾಲಪತ್ರದ ಅವಧಿ ಮುಗಿದರೂ ಬ್ಯಾಂಕು ಹಣ ಪಾವತಿಸಬೇಕಾಗಿಲ್ಲ. ಖರೀದಿದಾರನಿಗೆ ತಕ್ಷಣ ತಿಳಿಸಿ, ದಿನಾಂಕ ವಿಸ್ತರಣೆಯ ತಿದ್ದುಪಡಿಯನ್ನು ಅವಧಿಯೊಳಗೇ ಪಡೆಯುವುದೊಂದೇ ದಾರಿ. ಮಾರಾಟ ಕರಾರಿನಲ್ಲಿ ಅನಿವಾರ್ಯ ಪರಿಸ್ಥಿತಿಯ ಷರತ್ತು ಇದ್ದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಸೂಚನೆ ಕಳುಹಿಸಬೇಕು.

ಕಡಲಿನ ಹವೆ ಘಟ್ಟದ ರಸ್ತೆಯನ್ನೂ ಬಿಡುವುದಿಲ್ಲ. ಚಂಡಮಾರುತದಿಂದಲ್ಲದಿದ್ದರೂ, 2018ರ ಆಗಸ್ಟ್‌ನ ಮುಂಗಾರು ಮಳೆಯಲ್ಲಿ ಮಡಿಕೇರಿ ಮತ್ತು ಸಂಪಾಜೆ ನಡುವಿನ ರಸ್ತೆ ಭೂಕುಸಿತದಿಂದ ಮುಚ್ಚಿಹೋದದ್ದು ಮೈಸೂರಿನ ವರ್ತಕರಿಗೆ ನೆನಪಿರುತ್ತದೆ. ಬಂದರು ತೆರೆದ ಮಾತ್ರಕ್ಕೆ ಸರಕು ತಲುಪುತ್ತದೆಂಬ ಭರವಸೆಯಿಲ್ಲ.

ತೆರಿಗೆ ಮತ್ತು ಲೆಕ್ಕಪತ್ರ

ಸುಂಕ ಪಾವತಿಸಿ ಬಿಡಿಸಿಕೊಳ್ಳುವ ಮುನ್ನವೇ ಆಮದು ಸರಕು ಹಾನಿಗೊಂಡರೆ 1962ರ ಕಸ್ಟಮ್ಸ್ ಕಾಯಿದೆಯ 22ನೆಯ ಕಲಮಿನಡಿ ಸುಂಕದಲ್ಲಿ ಕಡಿತವನ್ನೂ, ಸಂಪೂರ್ಣ ನಾಶವಾದರೆ 23ನೆಯ ಕಲಮಿನಡಿ ಸುಂಕ ಮಾಫಿಯನ್ನೂ ಕೋರಬಹುದು. ಹಾನಿಗೊಂಡ ಸರಕನ್ನು ಅವಸರದಲ್ಲಿ ಬಿಡಿಸಿಕೊಂಡು ಬಂದರೆ ಈ ಅವಕಾಶ ತಪ್ಪುತ್ತದೆ.

ಜಿ.ಎಸ್.ಟಿ.ಯಲ್ಲಿ ಸ್ಥಿತಿ ಕಠಿಣ. 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನ ಪ್ರಕಾರ ಕಳೆದುಹೋದ ಅಥವಾ ನಾಶವಾದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಈಗಾಗಲೇ ಪಡೆದಿದ್ದರೆ ಹಿಂತಿರುಗಿಸಬೇಕು. 10 ಲಕ್ಷ ರೂಪಾಯಿಯ ಸರಕಿಗೆ ಶೇಕಡಾ 18ರಂತೆ 1.80 ಲಕ್ಷ ತೆರಿಗೆ ತೆತ್ತಿದ್ದರೆ ನಿಜವಾದ ನಷ್ಟ 11.80 ಲಕ್ಷ. ವಿಮೆಯನ್ನು 10 ಲಕ್ಷಕ್ಕೆ ಮಾತ್ರ ಮಾಡಿಸಿದ್ದರೆ ಉಳಿದದ್ದು ಕೈಯಿಂದಲೇ ಹೋಗುತ್ತದೆ. ವಿಮಾ ಮೊತ್ತ ನಿಗದಿಪಡಿಸುವಾಗಲೇ ತೆರಿಗೆಯನ್ನು ಸೇರಿಸಿಕೊಳ್ಳಬೇಕು.

ಲೆಕ್ಕಪತ್ರಗಳಲ್ಲಿ ದಿನಾಂಕವೂ ಮುಖ್ಯ. ಮೇ ತಿಂಗಳ ಚಂಡಮಾರುತವು ಮಾರ್ಚ್ 31ರ ನಂತರದ, ಆದರೆ ಬಹಳಷ್ಟು ಸಂಸ್ಥೆಗಳ ಲೆಕ್ಕಪತ್ರಗಳು ಅನುಮೋದನೆಯಾಗುವ ಮುನ್ನದ ಘಟನೆ. ಲೆಕ್ಕ ಮಾನಕ 4ರ ಪ್ರಕಾರ ಇಂತಹ ನಷ್ಟವನ್ನು ಹಿಂದಿನ ವರ್ಷದ ಅಂಕಿಗಳಲ್ಲಿ ಸೇರಿಸುವಂತಿಲ್ಲ. ಮೊತ್ತ ಗಣನೀಯವಾಗಿದ್ದರೆ ಅನುಮೋದಿಸುವವರ ವರದಿಯಲ್ಲಿ ಪ್ರಸ್ತಾಪಿಸಬೇಕು. ಹಾಗೆಯೇ ವಿಮಾ ಕ್ಲೇಮು ಸಲ್ಲಿಸಿದ ಮಾತ್ರಕ್ಕೆ ಅದನ್ನು ಆದಾಯವೆಂದು ತೋರಿಸಬಾರದು. ಸರ್ವೇಯರ್ ವರದಿ ಮತ್ತು ಕಂಪನಿಯ ಒಪ್ಪಿಗೆಯಿಂದ ವಸೂಲಾತಿಯ ಖಚಿತತೆ ಮೂಡಬೇಕು.

ಹಂತಕ್ಕೆ ತಕ್ಕ ಕ್ರಮಗಳು

ಮೇಲಿನ ವಿವರಗಳನ್ನು ಎಚ್ಚರಿಕೆಯ ಹಂತಗಳಿಗೆ ಹೊಂದಿಸಿ ಹೀಗೆ ಸಂಗ್ರಹಿಸಬಹುದು:

1. ಋತುವಿನ ಆರಂಭದಲ್ಲಿ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲು: ಪಾಲಿಸಿಗಳ ಷರತ್ತು, ಮೊತ್ತ ಮತ್ತು ಅವಧಿಯನ್ನು ಪರಿಶೀಲಿಸುವುದು, ಹೊಣೆ ವರ್ಗಾವಣೆಯ ಸ್ಥಳಕ್ಕೂ ವಿಮೆ ಆರಂಭವಾಗುವ ಸ್ಥಳಕ್ಕೂ ಅಂತರವಿದ್ದರೆ ತುಂಬಿಕೊಳ್ಳುವುದು.

2. 72 ಗಂಟೆಗಳ ನಿಗಾ ಪ್ರಕಟಣೆ ಬಂದಾಗ: ಯಾವ ಸರಕು ಎಲ್ಲಿದೆಯೆಂಬ ಪಟ್ಟಿ ಸಿದ್ಧಪಡಿಸುವುದು, ಕ್ಲಿಯರಿಂಗ್ ಏಜೆಂಟರಿಂದ ಹಡಗಿನ ಆಗಮನದ ವೇಳೆ ತಿಳಿಯುವುದು, ಇನ್ನೂ ಹೊರಡದ ಲಾರಿಗಳನ್ನು ತಡೆಯುವುದು.

3. ಹಳದಿ ಹಂತದಲ್ಲಿ: ಸಾಲಪತ್ರದ ದಿನಾಂಕ ವಿಸ್ತರಣೆಗೆ ಖರೀದಿದಾರನನ್ನು ಕೋರುವುದು; ಗೋದಾಮಿನ ಸರಕನ್ನು ನೆಲದಿಂದ ಎತ್ತರದ ಹಲಗೆಗಳ ಮೇಲೆ ಇರಿಸುವುದು; ದಾಸ್ತಾನಿನ ಛಾಯಾಚಿತ್ರ ಮತ್ತು ಪಟ್ಟಿಯ ಪ್ರತಿಯನ್ನು ಮೈಸೂರಿನ ಕಚೇರಿಗೆ ತರಿಸುವುದು.

4. ಕಿತ್ತಳೆ ಮತ್ತು ಕೆಂಪು ಹಂತಗಳಲ್ಲಿ: ಸರಕಿಗಾಗಿ ಯಾವ ನೌಕರನನ್ನೂ ಬಂದರಿಗಾಗಲಿ ಗೋದಾಮಿಗಾಗಲಿ ಕಳುಹಿಸದಿರುವುದು.

5. ನಂತರ: ವಿಮಾ ಕಂಪನಿಗೆ ತಕ್ಷಣ ಸೂಚನೆ, ಸರ್ವೇಯರ್ ಬರುವ ಮುನ್ನ ಹಾನಿಗೊಂಡ ಸರಕನ್ನು ಎಸೆಯದೆ, ಒಣ ಸರಕನ್ನು ಬೇರ್ಪಡಿಸಿ ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು, ಹಡಗು ಕಂಪನಿಗೆ ಲಿಖಿತ ಸೂಚನೆ. ಮೇಲ್ನೋಟಕ್ಕೆ ಕಾಣದ ಹಾನಿಗೆ ಈ ಸೂಚನೆಯ ಗಡುವು ಸರಕು ಪಡೆದ ಮೂರು ದಿನ. ದಾವೆ ಹೂಡಲು ಒಂದು ವರ್ಷ.

ಇವುಗಳಲ್ಲಿ ನಾಲ್ಕನೆಯ ಅಂಶಕ್ಕೆ ವೆಚ್ಚವಿಲ್ಲ, ಆದರೆ ಅದನ್ನು ಮೀರಿದರೆ ತುಂಬಿಕೊಳ್ಳಲಾಗದ ನಷ್ಟವಿದೆ. ಉಳಿದ ನಾಲ್ಕಕ್ಕೂ ಬೇಕಾದದ್ದು ಸ್ವಲ್ಪ ಸಮಯ, ಒಂದು ಕಡತ ಮತ್ತು ವರ್ಷಕ್ಕೆರಡು ಬಾರಿ ಪಾಲಿಸಿ ಓದುವ ತಾಳ್ಮೆ. ಮುಂದಿನ ಚಂಡಮಾರುತದ ಹೆಸರು ಈಗಾಗಲೇ ಪಟ್ಟಿಯಲ್ಲಿದೆ: ಹದಿಮೂರು ದೇಶಗಳು ನೀಡಿದ 169 ಹೆಸರುಗಳ ಪಟ್ಟಿ 2020ರಲ್ಲಿಯೇ ಪ್ರಕಟವಾಗಿದ್ದು, ಸರದಿಯಂತೆ ಬಳಕೆಯಾಗುತ್ತಿದೆ. ಆ ಹೆಸರು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವ ದಿನ ವರ್ತಕರ ಕಡತವೂ ಸಿದ್ಧವಾಗಿದ್ದರೆ, ಪಣಂಬೂರಿನ ಕಂಬದಲ್ಲಿ ಏರುವ ಸಂಕೇತವು ಮೈಸೂರಿನವರೆಗೂ ಕಂಡಂತಾಗುತ್ತದೆ.